ಹತ್ತು ತಿಂಗಳ ಕೂಸು, ನಾಲ್ಕು ವರ್ಷದ ಮಗಳು, ಮೂರು ವಾರ ತೀರ್ಥಹಳ್ಳಿ: ರಜೆಗೆ ಮುಂಚೆ ಏನೇನು ನೋಡ್ಕೋಬೇಕು?

ತುಂಗಾತೀರ

ಏಪ್ರಿಲ್ 20ಕ್ಕೆ ಬೆಂಗಳೂರಿಂದ ತೀರ್ಥಹಳ್ಳಿ ಹತ್ತಿರದ ಅಜ್ಜಿಮನೆಗೆ. ಅಡಿಕೆ ತೋಟದ ಮನೆ, ಮೂರು ವಾರ. ವಾಪಸ್ ಬರೋ ಮುಂಚೆ ಎರಡು ದಿನ ಮಲ್ಪೆ. ಚಿಕ್ಕವನಿಗೆ 10 ತಿಂಗಳು, 9 ಕೆ.ಜಿ., ಅಂಬೆಗಾಲು ಜೋರು, ಹಿಡ್ಕೊಂಡು ನಿಲ್ತಾನೆ, ನಡಿಗೆ ಇನ್ನೂ ಇಲ್ಲ. ದೊಡ್ಡವಳಿಗೆ 4, ಕಾರು ಹತ್ತಿದ್ರೆ ವಾಂತಿ. ಪ್ರಯಾಣ, ಊಟ, ಔಷಧಿ, ಮನೆಯೊಳಗಿನ ಎಚ್ಚರ, ಯಾವುದರ ಬಗ್ಗೆ ಗೊತ್ತಿದ್ರೂ ಬರೀರಿ. "ಏನೂ ಆಗಲ್ಲ ಬಿಡಿ" ಅನ್ನೋ ಉತ್ತರ ಮಾತ್ರ ಬೇಡ.

ಹಳಿಹಾದಿ

ವಾಂತಿ ಮಾಡೋ ಮಗು ಇದ್ದಾಗ ಇಡೀ ದಾರಿ ಕಾರು ಬೇಡ. ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ. ಮಾತ್ರ ಕಾರು. ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಏಪ್ರಿಲ್ 20ಕ್ಕೆ ಫೆಬ್ರವರಿ 19ರ ಬೆಳಿಗ್ಗೆ 8ಕ್ಕೇ ಕೂರಬೇಕು. ಶಾಲೆಗಳಿಗೆಲ್ಲ ರಜೆ ಬಿಟ್ಟಿರೋ ಸಮಯ, ವಾರ ಬಿಟ್ಟು ನೋಡಿದ್ರೆ ವೇಟಿಂಗ್ ಲಿಸ್ಟೇ ಗತಿ.

5 ವರ್ಷದೊಳಗಿನ ಮಕ್ಕಳಿಗೆ ಬೇರೆ ಬರ್ತ್ ಬೇಡ ಅಂದ್ರೆ ಟಿಕೆಟ್ಟೇ ಬೇಡ. ಬೇಕು ಅಂದ್ರೆ ದೊಡ್ಡವರ ಪೂರ್ತಿ ದರ. ಇಬ್ಬರನ್ನೂ ತೊಡೆ ಮೇಲೆ ಕೂರಿಸ್ಕೊಂಡು ಐದಾರು ಗಂಟೆ ಕಳೆಯೋದಕ್ಕಿಂತ ದೊಡ್ಡವಳಿಗೆ ಒಂದು ಸೀಟು ತಗೊಳ್ಳೋದೇ ಲೇಸು. ದುಡ್ಡು ಉಳಿಸೋ ಜಾಗ ಇದಲ್ಲ.

ಕಾರಿನ 60 ಕಿ.ಮೀ.ಗೆ: ಹೊರಡೋಕೆ ಒಂದೂವರೆ ಗಂಟೆ ಮುಂಚೆ ಇಡ್ಲಿ ಅಥವಾ ಒಣ ಅವಲಕ್ಕಿಯಂಥ ಹಗುರ ತಿಂಡಿ. ಹಾಲು ಬೇಡ, ಎಣ್ಣೆ ತಿಂಡಿ ಬೇಡ. ಖಾಲಿ ಹೊಟ್ಟೆಯೂ ಬೇಡ, ಅದರಲ್ಲೂ ವಾಂತಿ ಬರುತ್ತೆ. ಕಿವಿಯೊಳಗಿನ ಸಮತೋಲನದ ಅಂಗ "ಅಲುಗಾಡ್ತಿದೀವಿ" ಅನ್ನುತ್ತೆ, ಮೊಬೈಲ್ ನೋಡ್ತಿರೋ ಕಣ್ಣು "ಇಲ್ಲ, ಕೂತಿದೀವಿ" ಅನ್ನುತ್ತೆ. ಆ ಜಗಳದಿಂದಲೇ ಹೊಟ್ಟೆ ತೊಳೆಸೋದು. ಮೊಬೈಲ್ ಕಿತ್ಕೊಳ್ಳಿ, ದೂರದ ಗುಡ್ಡ ತೋರಿಸಿ, ಎಮ್ಮೆ ಎಣಿಸೋಕೆ ಹೇಳಿ. 2 ವರ್ಷದೊಳಗಿನ ಕೂಸುಗಳಿಗೆ ಈ ಕಾಟ ಅಪರೂಪ, ಚಿಕ್ಕವನ ಚಿಂತೆ ಬಿಡಿ. ಮಾತ್ರೆ ಕೊಡೋದಾದ್ರೆ ಡಾಕ್ಟರನ್ನ ಕೇಳಿ, ಅದನ್ನ ಹೊರಡೋ ಮುಂಚೆಯೇ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟ ಮಾತ್ರೆ ಹೊಟ್ಟೇಲಿ ನಿಲ್ಲಲ್ಲ.

ಬೆಲ್ಟು ಬಕಲು

ಮೇಲಿನದಕ್ಕೆ ಸೇರಿಸ್ತೀನಿ. ಶಿವಮೊಗ್ಗದಲ್ಲಿ ಹಿಡಿಯೋ ಬಾಡಿಗೆ ಕಾರಲ್ಲಿ ಮಕ್ಕಳ ಸೀಟು ಇರಲ್ಲ, ನಿಮ್ಮದನ್ನೇ ಒಯ್ಯಬೇಕು. 10 ತಿಂಗಳ ಮಗು ಹಿಂದಿನ ಸೀಟಲ್ಲಿ, ಹಿಂದಕ್ಕೆ ಮುಖ ಮಾಡಿ. ಮುಂದಿನ ಸೀಟಲ್ಲಿ ಏರ್‌ಬ್ಯಾಗ್ ಎದುರು ಯಾವತ್ತೂ ಬೇಡ. ಸೀಟು ಕಟ್ಟಿದ ಮೇಲೆ ಬೆಲ್ಟು ಹಾದುಹೋಗೋ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಒಂದು ಇಂಚಿಗಿಂತ ಹೆಚ್ಚು ಸರಿದ್ರೆ ಸಡಿಲ ಅಂತ ಅರ್ಥ. ಮಗುವಿನ ಭುಜದ ಪಟ್ಟಿಯನ್ನ ಎರಡು ಬೆರಳಲ್ಲಿ ಚಿವುಟಿ ನೋಡಿ, ಚಿವುಟೋಕೆ ಸಿಕ್ಕಿದ್ರೆ ಇನ್ನೂ ಬಿಗಿ ಮಾಡಿ.

ಸೀಟಾಗಲಿ ಬೆಲ್ಟಾಗಲಿ ಇಲ್ಲದೆ 14ರೊಳಗಿನ ಮಕ್ಕಳನ್ನ ಕಾರಲ್ಲಿ ಕೂರಿಸಿದ್ರೆ 2019ರ ತಿದ್ದುಪಡಿ ಪ್ರಕಾರ 1,000 ರೂಪಾಯಿ ದಂಡ. ಊರಲ್ಲಿ ಮಾವನೋ ಚಿಕ್ಕಪ್ಪನೋ "ಬಾ ಪುಟ್ಟಿ" ಅಂತ ಸ್ಕೂಟರ್ ಮುಂದೆ ನಿಲ್ಲಿಸ್ಕೊಂಡು ಹೊರಡ್ತಾರಲ್ಲ, ಅದಕ್ಕೂ ನಿಯಮ ಇದೆ. 9 ತಿಂಗಳಿಂದ 4 ವರ್ಷದವರೆಗೆ ಸವಾರನಿಗೆ ಕಟ್ಟೋ ಸುರಕ್ಷತಾ ಪಟ್ಟಿ ಮತ್ತು ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ದಾಟಬಾರದು.

ನಿಂತ ಕಾರೊಳಗೆ ಐದೇ ನಿಮಿಷ ಅಂತಲೂ ಬಿಡಬೇಡಿ. ಬಿಸಿಲಲ್ಲಿ 10 ನಿಮಿಷಕ್ಕೆ ಒಳಗಿನ ಬಿಸಿ ಸುಮಾರು 10 ಡಿಗ್ರಿ ಏರುತ್ತೆ. ಖಾಲಿ ಸೀಟಿನ ಬಕಲ್ ಮೇಲೆ ಟವೆಲ್ ಹಾಕಿಡಿ, ಕಾದ ಲೋಹ ತೊಡೆಗೆ ತಾಗಿದ್ರೆ ಬೊಬ್ಬೆ.

ಅಡಿಕೆ ಅಂಗಳ

ಪ್ರಯಾಣ ಒಂದು ದಿನದ್ದು, ಮನೆ ಮೂರು ವಾರದ್ದು. ಅಪಾಯ ಎಲ್ಲಿದೆ ಅಂತ ಹುಡುಕೋಕೆ ಒಂದೇ ಲೆಕ್ಕ: ಮಗು ಈ ತಿಂಗಳು ಹೊಸದಾಗಿ ಏನು ಕಲೀತು ಅಂತ ನೋಡಿ. ನಿಮ್ಮವನಿಗೆ ಈಗ ಮೂರು ವಿದ್ಯೆ ಬಂದಿವೆ. ಅಂಬೆಗಾಲು, ಹಿಡಿದು ಏಳೋದು, ಹೆಬ್ಬೆರಳು ತೋರುಬೆರಳಲ್ಲಿ ಸಣ್ಣ ವಸ್ತು ಹೆಕ್ಕೋದು.

ಹೆಕ್ಕೋದರಿಂದ ಶುರು ಮಾಡೋಣ. ಅಡಿಕೆ ಮನೆಯಲ್ಲಿ ನೆಲದ ಮೇಲೆ ಅಡಿಕೆ ಚೂರು ಇಲ್ಲದ ದಿನ ಇಲ್ಲ. ಅಜ್ಜನ ಎಲೆ-ಅಡಿಕೆ ತಟ್ಟೆ ಜಗಲಿ ಮೇಲೇ ಇರುತ್ತೆ. ಅಡಿಕೆ ಹೋಳು ಗಟ್ಟಿ, ನುಣುಪು, ಶ್ವಾಸನಾಳಕ್ಕೆ ಹೇಳಿ ಮಾಡಿಸಿದ ಅಳತೆ. ಜೊತೆಗೆ ಶೇಂಗಾ, ಹುಣಸೆ ಬೀಜ, ಹುರಿದ ಹಲಸಿನ ಬೀಜ, ರಿಮೋಟಿನ ಬಟನ್ ಸೆಲ್. ಸೆಲ್ ನುಂಗಿದ್ರೆ ಕಾಯೋ ಹಾಗೇ ಇಲ್ಲ, ಅನ್ನನಾಳವನ್ನ ಎರಡು ಗಂಟೆಯೊಳಗೇ ಸುಡುತ್ತೆ, ನೇರ ಆಸ್ಪತ್ರೆ. ಮೂರು ಸೆಂ.ಮೀ.ಗಿಂತ ಕಿರಿದಾದ ಯಾವ ವಸ್ತುವೂ ಒಂದು ಮೀಟರಿನ ಕೆಳಗೆ ಇರಬಾರದು. ಹೋದ ದಿನವೇ ಒಬ್ಬರು ಮಂಡಿಯೂರಿ, ಅಂಬೆಗಾಲಲ್ಲೇ ಮನೆ ಒಂದು ಸುತ್ತು ಹಾಕಿ. ನಿಂತು ನೋಡಿದಾಗ ಕಾಣದ ಪ್ಲಗ್ ಪಾಯಿಂಟು, ಮಂಚದಡಿಯ ಸೊಳ್ಳೆ ಬತ್ತಿ, ಬಾಗಿಲ ಸಂದಿಯ ಇಲಿ ಪಾಷಾಣ ಆಗ ಕಾಣುತ್ತೆ.

ಗಂಟಲಲ್ಲಿ ಸಿಕ್ಕಿ ಮಗು ಕೆಮ್ಮೋಕೂ ಅಳೋಕೂ ಆಗದೆ ಇದ್ರೆ: ಮುಂಗೈ ಮೇಲೆ ಬೋರಲು, ತಲೆ ಕೆಳಗೆ, ದವಡೆಗೆ ಆಸರೆ. ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಗುದ್ದು. ಹೋಗಲಿಲ್ಲ ಅಂದ್ರೆ ಅಂಗಾತ ತಿರುಗಿಸಿ ಎದೆ ಮಧ್ಯದ ಮೂಳೆ ಮೇಲೆ ಎರಡು ಬೆರಳಲ್ಲಿ 5 ಸಲ ಒತ್ತಿ. ಮತ್ತೆ ಗುದ್ದು, ಮತ್ತೆ ಒತ್ತು. ಇನ್ನೊಬ್ಬರು 108ಕ್ಕೆ ಫೋನ್ ಮಾಡ್ಲಿ. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತೆ. ಇದು ಒಂದು ವರ್ಷದೊಳಗಿನವರಿಗೆ. ನಾಲ್ಕು ವರ್ಷದವಳಿಗೆ ಬೆನ್ನಿಗೆ ಗುದ್ದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ತುಸು ಮೇಲೆ, ಒಳಕ್ಕೂ ಮೇಲಕ್ಕೂ ಒತ್ತು.

ಎರಡನೇದು ಹಿಡಿದು ಏಳೋದು. ಹಿಡಿಯೋಕೆ ಸಿಗೋದು ಏನು? ಬಚ್ಚಲು ಮನೆಯ ಬಿಸಿನೀರ ಬಕೆಟ್ಟು, ಟೇಬಲ್ ಬಟ್ಟೆಯ ತುದಿ, ಇಸ್ತ್ರಿ ಪೆಟ್ಟಿಗೆ ವಯರು. ಹಂಡೆ ಒಲೆ ಇರೋ ಬಚ್ಚಲಿಗೆ ಹೊರಗಿಂದ ಚಿಲಕ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ. ಸ್ನಾನಕ್ಕೆ ತೋಡುವಾಗ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಹಂಡೆ ನೀರು. ಉಲ್ಟಾ ಮಾಡಿ ತಣ್ಣೀರು ತರೋಕೆ ತಿರುಗಿದ ಅರ್ಧ ನಿಮಿಷ ಸಾಕು. ನೆಲದ ಮೇಲೆ ನೀರು ತುಂಬಿದ ಬಕೆಟ್ ಬಿಡಲೇಬಾರದು. ಈ ವಯಸ್ಸಲ್ಲಿ ತಲೆಯೇ ಭಾರ, ಬಗ್ಗಿ ಮುಗ್ಗರಿಸಿದ್ರೆ ಎದ್ದೇಳೋ ಶಕ್ತಿ ಇಲ್ಲ. ನಾಲ್ಕು ಬೆರಳು ನೀರಲ್ಲೂ ಮುಳುಗ್ತಾರೆ, ಸದ್ದೇ ಆಗಲ್ಲ.

ದೊಡ್ಡವಳಿಗೆ ಬೇರೆ ಪಟ್ಟಿ: ಬಾವಿ, ತೋಟದ ಕಾಲುವೆ, ಕೆರೆ ಏರಿ, ಮತ್ತೆ ಮೈಲುತುತ್ತ (ತಾಮ್ರದ ಸಲ್ಫೇಟ್, ವಿಷ). ಮೇ ಕೊನೆಗೆ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋಕೆ ಮನೆಗಳಲ್ಲಿ ತಂದಿಟ್ಟಿರ್ತಾರೆ. ನೀಲಿ ಕಲ್ಲುಸಕ್ಕರೆ ಥರ ಹೊಳೆಯುತ್ತೆ, ಮಗು ಬಾಯಿಗೆ ಹಾಕದೆ ಇರುತ್ತಾ? ಬೀಗ ಹಾಕಿ. ಸೀಮೆಎಣ್ಣೆ, ಕಳೆನಾಶಕ ನೀರಿನ ಬಾಟಲಿಯಲ್ಲಿದ್ರೆ ಆ ಬಾಟಲಿಯನ್ನೇ ಬದಲಿಸಿ. ಕುಡಿದುಬಿಟ್ರೆ ವಾಂತಿ ಮಾಡಿಸೋಕೆ ಹೋಗಬೇಡಿ, ಡಬ್ಬಿ ಸಮೇತ ಆಸ್ಪತ್ರೆಗೆ.

ತುಂಗಾತೀರ

ಮೈಲುತುತ್ತದ ವಿಷಯ ತಲೇಲೇ ಇರಲಿಲ್ಲ, ಇವತ್ತೇ ಫೋನ್ ಮಾಡ್ತೀನಿ. ಇನ್ನೊಂದು: ಮೊಮ್ಮಗ ಬೇಗ ನಡೀಲಿ ಅಂತ ವಾಕರ್ ತಂದಿಟ್ಟಿದ್ದಾರಂತೆ. ಬಳಸಬಹುದಾ?

ಹೆಜ್ಜೆಗೆಜ್ಜೆ

ಬೇಡ. ಕೆನಡಾ 2004ರಲ್ಲೇ ವಾಕರ್ ಮಾರಾಟ ನಿಷೇಧಿಸಿದೆ. ಕೂರಿಸಿ ಉರುಳಿಸೋ ವಾಕರ್‌ನಲ್ಲಿ ಮಗು ತುದಿಗಾಲಲ್ಲಿ ತಳ್ಳುತ್ತೆ. ತನ್ನ ಪಾದ ತಾನೇ ಕಾಣಲ್ಲ, ಮೈಭಾರ ಹೊರೋ ಅಭ್ಯಾಸವೂ ಆಗಲ್ಲ. ನಡಿಗೆ ಬೇಗ ಬರೋದಿರಲಿ, ತಡ ಆಗುತ್ತೆ. ಜಗಲಿಯಿಂದ ಅಂಗಳಕ್ಕೆ ಮೆಟ್ಟಿಲಿರೋ ಮನೆಯಲ್ಲಂತೂ ಕೈಯಾರೆ ಬೀಳಿಸಿದ ಹಾಗೆ.

"ಇನ್ನೂ ನಡೆದಿಲ್ವಾ?" ಅಂತ ಕೇಳೋ ನೆಂಟರಿಗೆ ಅಳತೆ ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನ ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕ: ಆಸರೆ ಇಲ್ಲದೆ ಕೂರೋದು 3.8ರಿಂದ 9.2 ತಿಂಗಳು, ಅಂಬೆಗಾಲು 5.2ರಿಂದ 13.5, ತಾನೇ ನಿಲ್ಲೋದು 6.9ರಿಂದ 16.9, ತಾನೇ ನಡೆಯೋದು 8.2ರಿಂದ 17.6. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನೇ ಹಾರಿಸಿ ನಡೆದುಬಿಡ್ತಾರೆ. 10 ತಿಂಗಳಿಗೆ ಹಿಡಿದು ನಿಂತ ಮಗು ಹಿಂದೆ ಬಿದ್ದಿಲ್ಲ. 18 ತಿಂಗಳಿಗೂ ನಡೀದೇ ಇದ್ರೆ, ಅಥವಾ ಕಲಿತದ್ದನ್ನೇ ಬಿಟ್ರೆ, ಒಂದೇ ಕಡೆಯ ಕೈಕಾಲು ಮಾತ್ರ ಬಳಸಿದ್ರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ನಡಿಗೆ ಕಲಿಯೋಕೆ ಬರಿಗಾಲೇ ಸರಿ. ಕಾಲ್ಬೆರಳು ನೆಲ ಹಿಡಿಯೋದನ್ನ ನೋಡಿ, ಬೂಟಿನೊಳಗೆ ಅದು ಆಗಲ್ಲ. ಸಾಕ್ಸ್ ಹಾಕಿ ನುಣುಪು ಕಾವಿ ನೆಲದ ಮೇಲೆ ಬಿಟ್ರೆ ಮಾತ್ರ ಜಾರ್ತಾನೆ.

ಬಣ್ಣದ ಗಾಲಿ

ಮೂರು ಗಾಲಿಯ ಮರದ ತಳ್ಳುಬಂಡಿ ವಾಕರ್ ಅಲ್ಲ, ಅದು ಬೇರೆ. ಮಗು ಹಿಂದೆ ನಿಂತು ತನ್ನ ಭಾರ ತಾನೇ ಹೊತ್ತು ತಳ್ಳುತ್ತೆ. ತೊಂದರೆ ಒಂದೇ, ನಯ ನೆಲದಲ್ಲಿ ಬಂಡಿ ಮಗುವಿಗಿಂತ ಮುಂದೆ ಓಡುತ್ತೆ. ಹಿಂದಿನ ಅಚ್ಚಿಗೆ ಹಳೇ ಹತ್ತಿ ಬಟ್ಟೆಯ ಪಟ್ಟಿ ಮೂರ್ನಾಲ್ಕು ಸುತ್ತು ಬಿಗಿಯಾಗಿ ಸುತ್ತಿ, ಗಾಲಿ ಉಜ್ಜಿಕೊಂಡು ನಿಧಾನ ಆಗುತ್ತೆ. ಮುಂದಿನ ಗಾಲಿ ಹತ್ತಿರದ ಅಡ್ಡಪಟ್ಟಿಗೆ ಒಂದು ಕಿಲೋ ಮರಳಿನ ಚೀಲ ಕಟ್ಟಿದ್ರೆ ಹಿಡಿದು ಏಳುವಾಗ ಬಂಡಿ ಮಗುಚಲ್ಲ. ಬಣ್ಣ ಅರಗಿನದಾ ಪೇಂಟಾ ಕೇಳಿ ತಗೊಳ್ಳಿ, ಹಲ್ಲು ಬರ್ತಿರೋ ಮಗು ಅದನ್ನ ಕಚ್ಚೇ ಕಚ್ಚುತ್ತೆ.

ರಾಗಿಸರಿ

ಊಟದ ವಿಷಯ. ಊರಿಗೆ ಹೋಗೋ ವಾರ ಮುಂಚೆ ರಾಗಿ ಸರಿ (ಕೂಸಿನ ಗಂಜಿ) ಹಿಟ್ಟು ಮಾಡ್ಕೊಳ್ಳಿ. ಅರ್ಧ ಕಿಲೋ ರಾಗಿ, ಕಲ್ಲು ಆರಿಸಿ ಐದು ನೀರಲ್ಲಿ ತೊಳೆದು 10 ಗಂಟೆ ನೆನೆಸಿ. ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಒಂದೂವರೆ ದಿನ, ನಡುವೆ ಎರಡು ಸಲ ನೀರು ಚಿಮುಕಿಸಿ. ಬಿಳಿ ಮೊಳಕೆ ಎರಡು ಮೂರು ಮಿ.ಮೀ. ಬಂದ್ರೆ ಸಾಕು. ಬೇಸಿಗೇಲಿ ಎರಡನೇ ದಿನ ದಾಟಿದ್ರೆ ಹುಳಿ ವಾಸನೆ, ಬೂಸಲು. ವಾಸನೆ ಬಂದ್ರೆ ಮುಲಾಜಿಲ್ಲದೆ ದನಕ್ಕೆ ಹಾಕಿ. ನೆರಳಲ್ಲಿ ಎರಡು ದಿನ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರೋವರೆಗೆ ಹುರಿದು, ಉಜ್ಜಿ ಮೊಳಕೆ ಉದುರಿಸಿ, ಪುಡಿ ಮಾಡಿ ಬಟ್ಟೆಯಲ್ಲಿ ಸೋಸಿ.

ಒಂದು ದೊಡ್ಡ ಚಮಚ ಹಿಟ್ಟು, ಮುಕ್ಕಾಲು ಲೋಟ ನೀರು. ಮೊದಲು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಆಮೇಲೆ ಒಲೆ ಮೇಲೆ 7-8 ನಿಮಿಷ ಕೈಯಾಡಿಸ್ತಾ ಕುದಿಸಿ. ಮೊಳಕೆ ಹಿಟ್ಟು ಸಾದಾ ರಾಗಿಯಷ್ಟು ಗಟ್ಟಿಯಾಗಲ್ಲ, ಮೊಳಕೆಯಲ್ಲಿ ಹುಟ್ಟೋ ಕಿಣ್ವ ಪಿಷ್ಟವನ್ನ ಒಡೆಯುತ್ತೆ. ಅದು ಕೆಟ್ಟದ್ದಲ್ಲ, ಅಷ್ಟೇ ತೆಳುವಿನ ಸರಿಯಲ್ಲಿ ಹೆಚ್ಚು ಹಿಟ್ಟು, ಅಂದ್ರೆ ಹೆಚ್ಚು ಶಕ್ತಿ ಮಗುವಿನ ಹೊಟ್ಟೆಗೆ ಹೋಗುತ್ತೆ.

ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನು ನೆಕ್ಕಿಸೋದಂತೂ ಬೇಡವೇ ಬೇಡ. ಬಾಟ್ಯುಲಿಸಂ ಅನ್ನೋ ರೋಗದ ಬೀಜಾಣು ಜೇನಲ್ಲಿರಬಹುದು, ದೊಡ್ಡವರ ಕರುಳು ಅದನ್ನ ತಡೆಯುತ್ತೆ, ಕೂಸಿನದು ತಡೆಯಲ್ಲ. ಮನೆ ಹಸುವಿನ ಹಾಲು ಎಷ್ಟೇ ಗಟ್ಟಿಯಿದ್ರೂ ಎದೆಹಾಲಿನ ಬದಲಿಗೆ ಈಗ ಬೇಡ, ಮೊಸರನ್ನ ಕೊಡಬಹುದು. ಅಜ್ಜಿಯ ಹತ್ತಿರ ವಾದ ಮಾಡೋ ಬದಲು ಡಾಕ್ಟರ ಚೀಟಿಯಲ್ಲೇ ಬರೆಸ್ಕೊಂಡು ಹೋಗಿ.

ಕಾಫಿಲೋಟ

ರೈಲಲ್ಲಿ ಫ್ಲಾಸ್ಕ್ ಬಿಸಿನೀರಿಗೆ ಸರಿ ಹಿಟ್ಟು ಕಲಸಿ ಕೊಟ್ರೆ ಆಯ್ತಲ್ಲ?

ರಾಗಿಸರಿ

ಆಗಲ್ಲ. ಹುರಿದ ಹಿಟ್ಟು ಬೆಂದ ಹಿಟ್ಟಲ್ಲ. ಫ್ಲಾಸ್ಕ್ ನೀರು ಬಟ್ಟಲಿಗೆ ಬೀಳೋ ಹೊತ್ತಿಗೆ ಕುದಿಯೋ ಬಿಸಿ ಇರಲ್ಲ, ಹಿಟ್ಟು ಹಸಿಯಾಗೇ ಉಳಿದು ಹೊಟ್ಟೆ ಉಬ್ಬರ. ದಾರಿಗೆ ತೆಳು ಅವಲಕ್ಕಿ ಹುರಿದು ಪುಡಿ ಮಾಡಿ ಒಯ್ಯಿರಿ. ಅದು ಮೊದಲೇ ಬೆಂದ ಅಕ್ಕಿ, ಬಿಸಿನೀರಿಗೆ ಐದು ನಿಮಿಷದಲ್ಲಿ ಅರಳುತ್ತೆ. ಏಲಕ್ಕಿ ಬಾಳೆಹಣ್ಣು ಅದಕ್ಕೇ ಹಿಸುಕಿ.

ಹಲಸು ಶುರುವಾಗಿರುತ್ತೆ. ತೊಳೆಯ ನಾರು ಗಂಟಲಿಗೆ ಸಿಗುತ್ತೆ, ಚಿಕ್ಕವನಿಗೆ ಬೇಡ. ಮಾವಿನಹಣ್ಣು ಅರ್ಧ ಗಂಟೆ ನೀರಲ್ಲಿಟ್ಟು, ತೊಟ್ಟಿನ ಸೊನೆ ತೊಳೆದು ಕೊಡಿ, ಇಲ್ಲದಿದ್ರೆ ಬಾಯಿ ಸುತ್ತ ಕೆಂಪು ಗುಳ್ಳೆ.

ಔಷಧಿ ಡಬ್ಬಿ

ಜ್ವರದ ಔಷಧಿಯಲ್ಲಿ ಆಗೋ ತಪ್ಪು ಒಂದೇ ಬಗೆಯದು. ಪ್ಯಾರಾಸಿಟಮಾಲ್ ಮೂರು ಶಕ್ತಿಯಲ್ಲಿ ಬರುತ್ತೆ: ಹನಿ 1 ಮಿ.ಲೀ.ಗೆ 100 ಮಿ.ಗ್ರಾಂ., ಸಿರಪ್ 5 ಮಿ.ಲೀ.ಗೆ 125, ಇನ್ನೊಂದು ಸಿರಪ್ 5 ಮಿ.ಲೀ.ಗೆ 250. ಲೆಕ್ಕ ತೂಕದ್ದು, ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. 9 ಕೆ.ಜಿ. ಮಗುವಿಗೆ ಹನಿಯಾದ್ರೆ ಸುಮಾರು 1 ಮಿ.ಲೀ., 125ರದ್ದಾದ್ರೆ 4ರಿಂದ 5, 250ರದ್ದಾದ್ರೆ ಸುಮಾರು 2.5 ಮಿ.ಲೀ. "5 ಮಿ.ಲೀ. ಕೊಡು" ಅನ್ನೋ ಹಳೇ ನೆನಪಲ್ಲಿ ಹನಿ ಬಾಟಲಿಯಿಂದ 5 ಮಿ.ಲೀ. ಕೊಟ್ರೆ ಐದು ಪಟ್ಟು. ಡಾಕ್ಟರಿಂದ ಅಳತೆ ಖಚಿತ ಮಾಡ್ಕೊಂಡು ಬಾಟಲಿ ಮೇಲೆ ಪ್ಲಾಸ್ಟರ್ ಅಂಟಿಸಿ ಬರೀರಿ. ಎರಡು ಡೋಸ್ ನಡುವೆ ಕನಿಷ್ಠ 4 ಗಂಟೆ, ದಿನಕ್ಕೆ 4ಕ್ಕಿಂತ ಹೆಚ್ಚು ಸಲ ಇಲ್ಲ. ಅಡುಗೆಮನೆ ಚಮಚ ಬೇಡ, ಸಿರಿಂಜ್ ಒಯ್ಯಿರಿ.

ಓಆರ್‌ಎಸ್: ವಾಂತಿ-ಭೇದಿಗೆ ಕೊಡೋ ಉಪ್ಪು-ಸಕ್ಕರೆ ಪುಡಿ. ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ, ಒಟ್ಟಿಗೇ ಕಲಸಿ. ಅರ್ಧ ಪೊಟ್ಟಣ ಅರ್ಧ ಲೀಟರಿಗೆ ಅಂತ ಅಂದಾಜು ಹಾಕಿದ್ರೆ ಉಪ್ಪಿನಂಶ ಹೆಚ್ಚು ಕಡಿಮೆ ಆಗುತ್ತೆ. 24 ಗಂಟೆ ಆದ್ರೆ ಚೆಲ್ಲಿ. ಪ್ರತಿ ಭೇದಿಗೆ ಚಿಕ್ಕವನಿಗೆ 50ರಿಂದ 100 ಮಿ.ಲೀ., ದೊಡ್ಡವಳಿಗೆ 100ರಿಂದ 200. ವಾಂತಿ ಆದ್ರೆ 10 ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ. ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಓಆರ್‌ಎಸ್ ಅಲ್ಲ, ಸಕ್ಕರೆ ಜಾಸ್ತಿಯಾದ್ರೆ ಭೇದಿ ಹೆಚ್ಚುತ್ತೆ. ಅಂಥ ಪಾನೀಯಕ್ಕೆ ಓಆರ್‌ಎಸ್ ಅನ್ನೋ ಹೆಸರನ್ನೇ ಬಳಸಬಾರದು ಅಂತ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಉಚ್ಚೆ ಆರು ಗಂಟೆ ಇಲ್ಲ, ಕಣ್ಣು ಗುಳಿ, ಅತ್ತರೂ ಕಣ್ಣೀರಿಲ್ಲ ಅಂದ್ರೆ ಕಾಯಬೇಡಿ.

ತಾಯಿ ಕಾರ್ಡ್ ಬ್ಯಾಗಲ್ಲಿರಲಿ. 9 ತಿಂಗಳ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಬಾಕಿ ಇದ್ರೆ ಈಗಲೇ ಹಾಕಿಸಿ, ಹೊರಡೋ ಹಿಂದಿನ ವಾರ ಬೇಡ. ಅದರ ಜ್ವರ ಬರೋದಿದ್ರೆ ವಾರದ ಮೇಲೆ, 7ರಿಂದ 12ನೇ ದಿನದ ನಡುವೆ ಬರುತ್ತೆ.

ಬಿಸಿಲುನಾಡು

ಕಲಬುರಗಿ, ರಾಯಚೂರ ಕಡಿ ಹೋಗೋರು ಯಾರರ ಇದನ್ನ ಓದಾಕತ್ತಿದ್ರ ಅವರಿಗೆ: ಇಲ್ಲಿ ಬಿಸಲು 42 ದಾಟತದ. ಮುಂಜಾನೆ 11ರಿಂದ ಸಂಜಿ 4ರ ತನಕ ಮಕ್ಕಳನ್ನ ಹೊರಗ ಬಿಡಬ್ಯಾಡ್ರಿ. ಕೂಲರ್ ಹಚ್ಚಿದ್ರ ಎದುರಿನ ಕಿಡಕಿ ತೆರದಿರಲಿ, ಇಲ್ಲಂದ್ರ ಖೋಲಿ ತಂಪಾಗೂದಿಲ್ಲ, ಬರೀ ಜಿಗಿಜಿಗಿ ಆಗತದ. ಬೆವರಸಾಲಿಗೆ ಪೌಡರ್ ಮೆತ್ತಬ್ಯಾಡ್ರಿ, ತಣ್ಣೀರ ಬಟ್ಟಿಲೆ ಒರಸ್ರಿ. ಆರು ತಿಂಗಳ ಒಳಗಿನ ಕೂಸಿಗೆ ಎಷ್ಟ ಬಿಸಲಿದ್ರೂ ನೀರ ಬ್ಯಾಡ, ಎದಿಹಾಲನ್ನೇ ಹೆಚ್ಚ ಸಲ ಕೊಡ್ರಿ.

ಕಾಡಂಚು

ತೀರ್ಥಹಳ್ಳಿ ಅಂದ್ಮೇಲೆ ಮಂಗನ ಕಾಯಿಲೆ ಮಾತು ಬರದೆ ಇರೋಕಾಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ್ದು. ಹೆಚ್ಚೋದು ಡಿಸೆಂಬರಿನಿಂದ ಮೇವರೆಗೆ, ಅಂದ್ರೆ ಸರಿಯಾಗಿ ನಿಮ್ಮ ರಜೆ. ಹರಡೋದು ಉಣುಗಿನಿಂದ. ಈ ಕಾಲದ ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ಕಣ್ಣಿಗೇ ಬೀಳಲ್ಲ.

ಕೊಟ್ಟಿಗೆಗೆ ಹಾಸೋಕೆ ಕಾಡಿಂದ ತಂದ ದರಗಿನ (ಒಣ ಎಲೆಯ) ರಾಶಿ ಮೇಲೆ ಮಕ್ಕಳು ಹಾರಿ ಕುಣೀತಾರೆ. ಅದೊಂದನ್ನ ತಪ್ಪಿಸಿದ್ರೆ ಅರ್ಧ ಕೆಲಸ ಆಯ್ತು. ಕಾಡಂಚಿಗೆ ಹೋದ್ರೆ ಉದ್ದ ಪ್ಯಾಂಟು, ಅದರ ತುದಿ ಸಾಕ್ಸಿನೊಳಗೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈಗೆ ಸೋಪಿನ ಸ್ನಾನ. ಕಂಕುಳು, ಕಿವಿ ಹಿಂದೆ, ಮಂಡಿ ಸಂದು, ಸೊಂಟದ ದಾರದ ಕೆಳಗೆ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ರೆ ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರ ಎಳೆಯಿರಿ. ಉಗುರಲ್ಲಿ ಜಜ್ಜಬೇಡಿ, ಬೆಂಕಿ ತಾಗಿಸಬೇಡಿ. ಉಣುಗು ಹತ್ತದ ಹಾಗೆ ಹಚ್ಕೊಳ್ಳೋಕೆ ಆಶಾ ಕಾರ್ಯಕರ್ತೆ ಕೊಡೋ ಡೇಪಾ ಎಣ್ಣೆ ಕಾಡಿಗೆ ಹೋಗೋ ದೊಡ್ಡವರಿಗೆ, ಕೂಸಿಗೆ ಕೇಳದೆ ಹಚ್ಚಬೇಡಿ. ಸತ್ತ ಮಂಗ ಕಂಡ್ರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ "ಸೆಕೆಗೆ ಬಂದದ್ದು" ಅಂತ ಬಿಡದೆ ಅಲ್ಲೇ ರಕ್ತ ಪರೀಕ್ಷೆ ಕೇಳಿ. ಬೆಂಗಳೂರಿಗೆ ಬಂದ ಮೇಲೆ ಜ್ವರ ಬಂದ್ರೂ ಡಾಕ್ಟರಿಗೆ ಎಲ್ಲಿ ಹೋಗಿದ್ರಿ ಅಂತ ಹೇಳೋದು ಮರೀಬೇಡಿ.

ಕಡಲತಡಿ

ಮಲ್ಪೆಗೆ ಆಗುಂಬೆ ಇಳಿದೇ ಬರ್ತೀರಿ. ದೊಡ್ಡವಳಿಗೆ ವಾಂತಿ ಗ್ಯಾರಂಟಿ, ಮೇಲಿನ ಉಪಾಯವೆಲ್ಲ ಇಲ್ಲೂ ಬೇಕು. ಮೇ ಎರಡನೇ ವಾರಕ್ಕೆ ಕಡಲು ಒರಟಾಗೋಕೆ ಶುರು. ಬೆಳಿಗ್ಗೆ 8.30ರೊಳಗೆ, ಇಲ್ಲ ಸಂಜೆ 5ರ ಮೇಲೆ ಇಳಿಯಿರಿ. ಮಧ್ಯಾಹ್ನದ ಮರಳಿಗೆ ಅಂಬೆಗಾಲಿನ ಅಂಗೈ ಸುಟ್ಟುಹೋಗುತ್ತೆ. ಕೂಸನ್ನ ಒದ್ದೆ ಮರಳಿನ ಮೇಲೆ ಕೂರಿಸೋರು ನೀರಿಗೆ ಬೆನ್ನು ಹಾಕಬಾರದು. ಮಗುವನ್ನ ಎಳೆಯೋದು ಬರೋ ಅಲೆ ಅಲ್ಲ, ಕಾಲಡಿಯ ಮರಳು ಕಿತ್ತು ವಾಪಸ್ ಹೋಗೋ ನೀರು.

ಸೇಂಟ್ ಮೇರೀಸ್ ದ್ವೀಪಕ್ಕೆ ಚಿಕ್ಕವನನ್ನ ಕರೆದೊಯ್ಯೋದು ಬೇಡ ಅಂತ ನನ್ನ ಅಭಿಪ್ರಾಯ. 9 ಕೆ.ಜಿ. ಮಗುವಿಗೆ ಸರಿಹೊಂದೋ ಲೈಫ್ ಜಾಕೆಟ್ ದೋಣಿಯಲ್ಲಿ ಸಿಗುತ್ತೆ ಅಂತ ನಂಬಿ ಹೋಗಬೇಡಿ. ಅಲ್ಲಿನ ಕಂಬದಂಥ ಕಲ್ಲುಗಳ ಅಂಚು ಬೇರೆ ಚೂಪು. ಮಳೆಗಾಲ ಹತ್ತಿರ ಬಂದ್ರೆ ದೋಣಿಯನ್ನೂ ನಿಲ್ಲಿಸ್ತಾರೆ.

ದೊಡ್ಡವಳ ತೋಳಿನ ಮೇಲೆ ಬಾಲ್‌ಪೆನ್ನಲ್ಲಿ ನಿಮ್ಮ ಫೋನ್ ನಂಬರ್ ಬರೆದು ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ನಾಲ್ಕು ವರ್ಷಕ್ಕೆ ಅಪ್ಪ ಅಮ್ಮನ ಹೆಸರು ಹೇಳೋಕೆ ಬರಬೇಕು, "ಅಮ್ಮ" ಅಂತ ಅಲ್ಲ, ಪೂರ್ತಿ ಹೆಸರು. ರಜೆಯಲ್ಲಿ ಕಲಿಸೋಕೆ ಎಬಿಸಿಡಿಗಿಂತ ಇದು ಉಪಯೋಗ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಎರಡು ಬಾಕಿ: ಊರಲ್ಲೇ ಜವಳ ಮಾಡಿಸೋಣ ಅಂತಿದ್ದಾರೆ. ಮತ್ತೆ ಹಳೇ ಮರದ ತೊಟ್ಟಿಲು ತೊಳೆದಿಟ್ಟಿದ್ದಾರೆ, ಮಲಗಿಸಬಹುದಾ?

ಔಷಧಿ ಡಬ್ಬಿ

ಜವಳಕ್ಕೆ: ಕಣ್ಣೆದುರೇ ಹೊಸ ಬ್ಲೇಡ್ ಒಡೆಸಿ. ನೆತ್ತಿ ಇನ್ನೂ ಮೆತ್ತಗಿರುತ್ತೆ, ಅದು ಮುಚ್ಚೋದು 12ರಿಂದ 18 ತಿಂಗಳಿಗೆ. ಆ ಜಾಗದಲ್ಲಿ ಬ್ಲೇಡ್ ಒತ್ತೋದು ಬೇಡ, ಮೆಷಿನ್‌ನಲ್ಲಿ ಸಣ್ಣಗೆ ಮಾಡಿದ್ರೂ ಶಾಸ್ತ್ರ ಆಗುತ್ತೆ, ಪುರೋಹಿತರನ್ನ ಮೊದಲೇ ಕೇಳಿಡಿ. ನಿದ್ದೆ, ಹಾಲು ಎರಡೂ ಮುಗಿದ ಹೊತ್ತಿಗೆ ಕೂರಿಸಿ. ಗಾಯವಾದ್ರೆ ಅದರ ಮೇಲೆ ಗಂಧ ಮೆತ್ತಬೇಡಿ, ಸೋಪುನೀರಲ್ಲಿ ತೊಳೆಯಿರಿ. ಎರಡು ವಾರ ಬಿಸಿಲಿಗೆ ಟೋಪಿ.

ಅಡಿಕೆ ಅಂಗಳ

ತೊಟ್ಟಿಲು ಬೇಡ. ತೊಟ್ಟಿಲಾಗಲಿ ಸೀರೆ ಜೋಲಿಯಾಗಲಿ ಮಗು ತಾನೇ ಎದ್ದು ಕೂರೋವರೆಗೆ ಮಾತ್ರ. ನಿಮ್ಮವನು ಹಿಡಿದು ನಿಲ್ತಾನೆ. ನಿದ್ದೆಗಣ್ಣಲ್ಲಿ ಪಟ್ಟಿ ಹಿಡಿದು ಎದ್ದನೋ, ತೊಟ್ಟಿಲು ವಾಲಿ ತಲೆಕೆಳಗಾಗಿ ಬೀಳ್ತಾನೆ. ನೆಲದ ಮೇಲೆ ಚಾಪೆ, ಅದರ ಮೇಲೆ ಗಟ್ಟಿ ಹಾಸಿಗೆ, ಗೋಡೆಯಿಂದ ಒಂದಡಿ ದೂರ. ಮೇಲೆ ದೊಡ್ಡ ಸೊಳ್ಳೆಪರದೆ, ನಾಲ್ಕೂ ಅಂಚು ಹಾಸಿಗೆ ಅಡಿಗೆ ಸಿಕ್ಕಿಸಿ, ಚೇಳು ಹಾವಿಗೂ ಅದೇ ತಡೆ. ಮುಖದ ಹತ್ತಿರ ದಿಂಬು, ರಗ್ಗು ಇರಬಾರದು.

ತೊಟ್ಟಿಲನ್ನ ದೊಡ್ಡವಳ ಗೊಂಬೆಗಳಿಗೆ ಕೊಡಿ. ಆದ್ರೆ ಕೊಕ್ಕೆಯಿಂದ ಇಳಿಸಿ ನೆಲದ ಮೇಲಿಟ್ಟೇ ಕೊಡಿ, ಇಲ್ಲಾಂದ್ರೆ ತಮ್ಮನನ್ನ ಅವಳೇ ಹತ್ತಿಸ್ತಾಳೆ.